ತೊಗರಿ ಬೇರಿನ ಗಂಟಿನಲ್ಲಿ ಏನಿದೆ?



ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆ ತೊಗರಿ ಹೂ ಬಿಡುವ ಮೊದಲು ಒಂದು ಗಿಡ ಮೆಲ್ಲಗೆ ಅಗೆದು ನೋಡ್ರಿ. ಬೇರಿನ ಮೇಲೆ ಸಣ್ಣ ಗಂಟು ಇರ್ತಾವ. ರೋಗ ಅಂತ ತಿಳೀಬೇಡ್ರಿ. ಒಂದನ್ನು ಉಗುರಿನಿಂದ ಸೀಳಿ; ಒಳಗೆ ಕೆಂಪಗಿದ್ದರೆ ರೈಜೋಬಿಯಂ ಗುಂಪಿನ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ಗೊಬ್ಬರ ಮಾಡಿ ಕೊಡುತ್ತಿದೆ ಎಂದರ್ಥ.

ಈ ಗುಂಪಿನ ಹಲವು ಬ್ಯಾಕ್ಟೀರಿಯಾ, ನಾವು ಹಗೇವಿನಲ್ಲಿ ಜೋಳ ಇಟ್ಟಂತೆ, ಮೈಯೊಳಗೆ ಪಿ.ಎಚ್.ಬಿ. ಎಂಬ ವಸ್ತು ಕೂಡಿಡುತ್ತವೆ. ಅದು ಒಂದು ಬಗೆಯ ಪ್ಲಾಸ್ಟಿಕ್ಕೇ! ಮಣ್ಣಿನ ಬೇರೆ ಸೂಕ್ಷ್ಮಜೀವಿಗಳು ಅದನ್ನು ತಿಂದು ಕರಗಿಸುತ್ತವೆ. 1926ರಲ್ಲಿ ಫ್ರಾನ್ಸಿನ ವಿಜ್ಞಾನಿ ಮೋರಿಸ್ ಲೆಮ್ವಾನ್ ಬೇರೊಂದು ಬ್ಯಾಕ್ಟೀರಿಯಾದಲ್ಲಿ ಇದನ್ನು ಗುರುತಿಸಿದರು. ಆದರೆ ತಯಾರಿಸಲು ಕಾರ್ಖಾನೆ ಬೇಕು, ಬೆಲೆಯೂ ಹೆಚ್ಚು. “ಬಯೋ ಚೀಲ” ಅಂತ ಯಾರಾದರೂ ಬಂದರೆ ಯಾವುದರಿಂದ ಮಾಡಿದ್ದು, ನಮ್ಮ ತಿಪ್ಪೆಯಲ್ಲಿ ಕರಗ್ತದೋ ಇಲ್ಲೋ ಕೇಳ್ರಿ. ಅದಕ್ಕಾಗಿ ಸಂಘದ ಸಾಲ ಎತ್ತಬೇಡ್ರಿ.

ನಮ್ಮ ಕೈಲಾಗುವುದು ಬೀಜೋಪಚಾರ. ಒಂದು ಎಕರೆಯ ಬೀಜಕ್ಕೆ 200 ಗ್ರಾಂ ರೈಜೋಬಿಯಂ ಪುಡಿ ಸಾಕು. ಕುದಿಸಿ ಆರಿಸಿದ ಬೆಲ್ಲದ ನೀರು ಚಿಮುಕಿಸಿ, ಪುಡಿ ಲೇಪಿಸಿ, ನೆರಳಲ್ಲಿ ಒಣಗಿಸಿ ಅಂದೇ ಬಿತ್ತಬೇಕು. ಬಿಸಿಲಿಗಿಟ್ಟರೆ ಬ್ಯಾಕ್ಟೀರಿಯಾ ಸಾಯ್ತಾವ. ಪಾಕೀಟಿನ ಮೇಲಿನ ಅವಧಿಯ ತಾರೀಖು ಓದಿಸಿಕೊಂಡೇ ತಗೊಳ್ರಿ.