ತೊಗರಿ ಮಾರುವ ಮೊದಲು ದೆಹಲಿ ಆದೇಶ ಓದು

ತಮ್ಮಾ, ರಾಶಿ ಮುಗಿದ ಮೇಲೆ ನೀನು ದಿನಾ ಸೇಡಂ ಧಾರಣೆ ಕೇಳುತ್ತೀ, ಕಲಬುರಗಿ ಗಂಜ್‌ ಧಾರಣೆ ಕೇಳುತ್ತೀ. ಕೇಳು, ತಪ್ಪಲ್ಲ. ಆದರೆ ಅಡತಿಯವನ ಬಾಯಿಂದ ಬರುವ ಆ ಅಂಕಿಯಲ್ಲಿ ಒಂದು ಪಾಲು ದೆಹಲಿಯ ವಿದೇಶ ವ್ಯಾಪಾರ ಆದೇಶದಲ್ಲಿ ಮೊದಲೇ ತೀರ್ಮಾನವಾಗಿರುತ್ತದೆ. ಅದನ್ನು ಓದುವುದನ್ನು ಚಿತ್ತಾಪುರ, ಚಿಂಚೋಳಿ ಕಡೆಯ ನಿನ್ನಂಥ ಓದಿದ ಹುಡುಗರು ಕಲಿಯಬೇಕು.

ಉದಾಹರಣೆಗೆ, ಕೆನಡಾದ ಸಸ್ಕ್ಯಾಚೆವಾನ್ ಪ್ರಾಂತ್ಯದ ರೈತರು ಹಳದಿ ಬಟಾಣಿ, ಮಸೂರ ಬೆಳೆಯುತ್ತಾರೆ. ತೊಗರಿ ಬೆಳೆಯುವುದಿಲ್ಲ. ಹಾಗಾದರೆ ನಮಗೇನು ಸಂಬಂಧ ಅನ್ನಬೇಡ. ಅಗ್ಗದ ಬಟಾಣಿ ಬಂದರೆ ಕಡಲೆ ಹಿಟ್ಟಿನ ಜಾಗಕ್ಕೆ ಅದರ ಹಿಟ್ಟು ಹೋಗುತ್ತದೆ, ಹೋಟೆಲಿನ ಸಾಂಬಾರಿಗೂ ಅದರ ಬೇಳೆ ಬೀಳುತ್ತದೆ. ಮೊದಲು ಕಡಲೆ ಬೆಲೆ ಕುಸಿಯುತ್ತದೆ, ಅದರ ಹಿಂದೆಯೇ ತೊಗರಿಯ ಮೇಲೂ ಒತ್ತಡ ಬರುತ್ತದೆ.

2017ರ ನವೆಂಬರ್‌ನಲ್ಲಿ ನಮ್ಮ ಸರ್ಕಾರ ಹಳದಿ ಬಟಾಣಿಗೆ ರಾತ್ರೋರಾತ್ರಿ ಶೇ. 50 ಸುಂಕ ಹಾಕಿತು. ಮರುವರ್ಷ ಆಮದಿನ ಪ್ರಮಾಣಕ್ಕೇ ಮಿತಿ ಬಂತು. 2019ರ ಡಿಸೆಂಬರ್‌ನಲ್ಲಿ ಕಿಲೋಗೆ 200 ರೂಪಾಯಿ ಕನಿಷ್ಠ ಆಮದು ಬೆಲೆ ನಿಗದಿ ಮಾಡಿ, ಕೋಲ್ಕತ್ತ ಬಂದರಿನಲ್ಲಿ ಮಾತ್ರ ಇಳಿಸಬೇಕೆಂದರು. ಬಾಗಿಲು ಮುಚ್ಚಿದಂತೆಯೇ ಆಯಿತು. ಮುಂದೆ 2023ರ ಡಿಸೆಂಬರ್‌ನಲ್ಲಿ, ನಮ್ಮ ಹೊಲಗಳಲ್ಲಿ ತೊಗರಿ ಕೊಯ್ಲಿಗೆ ಬರುವ ಹೊತ್ತಿಗೆ, ಎಲ್ಲ ತೆಗೆದುಹಾಕಿ ಸುಂಕವಿಲ್ಲದೆ ಬಿಟ್ಟುಕೊಂಡರು. ಆ ವಿನಾಯಿತಿಯ ಅವಧಿಯನ್ನು ಮತ್ತೆ ಮತ್ತೆ ವಿಸ್ತರಿಸಿದರು. ಕೆನಡಾ, ರಷ್ಯಾದಿಂದ ಲಕ್ಷಾಂತರ ಟನ್ ಬಂದು ಬಿತ್ತು. ಮೊಜಾಂಬಿಕ್, ಮ್ಯಾನ್ಮಾರ್‌ಗಳ ತೊಗರಿಯೂ ಮುಕ್ತವಾಗಿ ಬರುತ್ತಲೇ ಇತ್ತು. 2025ರ ಆರಂಭದಲ್ಲಿ ತೊಗರಿ ಧಾರಣೆ ಕ್ವಿಂಟಲ್‌ಗೆ 7,550 ರೂಪಾಯಿ ಬೆಂಬಲ ಬೆಲೆಗಿಂತ ಕೆಳಗಿಳಿಯಿತು. ರಾಜ್ಯ ಸರ್ಕಾರ ಕ್ವಿಂಟಲ್‌ಗೆ 450 ರೂಪಾಯಿ ಹೆಚ್ಚುವರಿ ಕೊಡಬೇಕಾಯಿತು. ಬಟಾಣಿಗೆ ಮತ್ತೆ ಶೇ. 30 ಸುಂಕ ಬಂದದ್ದು 2025ರ ನವೆಂಬರ್ 1ರಿಂದ.

ಈಗ ಇದನ್ನೇ ಕೆನಡಾದ ಕಡೆಯಿಂದ ನೋಡು. ಅಲ್ಲಿಯ ರೈತ ಭಾರತವನ್ನು ನಂಬಿ ಬಿತ್ತುತ್ತಾನೆ. ಹಡಗು ಸಮುದ್ರದಲ್ಲಿರುವಾಗಲೇ ಇಲ್ಲಿ ನಿಯಮ ಬದಲಾದರೆ ಅವನ ಗತಿ ಏನು? ಮುನ್ಸೂಚನೆ ಕೊಡಿ, ನಿಯಮ ಸ್ಥಿರವಾಗಿರಲಿ ಎಂಬುದೇ ಕೆನಡಾದ ಹಳೆಯ ಬೇಡಿಕೆ. ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಒಪ್ಪಿಕೊಂಡ ಗರಿಷ್ಠ ಮಿತಿಯೊಳಗೆ ಸುಂಕ ಏರಿಸುವುದು ಕಾನೂನಿಗೆ ವಿರುದ್ಧವಲ್ಲ. ಪ್ರಮಾಣಕ್ಕೆ ಮಿತಿ ಹಾಕುವುದನ್ನು ಮಾತ್ರ ಅದೇ ಸಂಸ್ಥೆಯ ಗ್ಯಾಟ್ ಒಪ್ಪಂದದ 11ನೇ ವಿಧಿ ಸಾಮಾನ್ಯವಾಗಿ ಒಪ್ಪುವುದಿಲ್ಲ. ಮುನ್ಸೂಚನೆಯ ವಿಷಯದಲ್ಲಿ ಕೆನಡಾದವರ ಮಾತು ನ್ಯಾಯವಾದದ್ದೇ ಎಂದು ನನ್ನ ಅಭಿಪ್ರಾಯ. ಯಾಕೆಂದರೆ ಬಿತ್ತುವಾಗ ಒಂದು ನಿಯಮ, ರಾಶಿ ಮಾಡುವಾಗ ಇನ್ನೊಂದು ಎಂಬ ಪಾಡು ನಮ್ಮದೂ ಹೌದು.

ಆದರೆ ಅವರ ಇನ್ನೊಂದು ವಾದವನ್ನು ನಾನು ಒಪ್ಪಲಾರೆ. 2019ರ ಫೆಬ್ರುವರಿಯಲ್ಲಿ ಅಮೆರಿಕ ಮತ್ತು ಕೆನಡಾ ಸೇರಿ ವಿಶ್ವ ವ್ಯಾಪಾರ ಸಂಸ್ಥೆಗೆ ಒಂದು ದಾಖಲೆ ಕೊಟ್ಟವು. ತೊಗರಿ, ಕಡಲೆ, ಉದ್ದು, ಹೆಸರು, ಮಸೂರಕ್ಕೆ ಭಾರತ ಕೊಡುವ ಬೆಂಬಲ ಬೆಲೆ, ಒಟ್ಟು ಬೆಳೆಯ ಮೌಲ್ಯದ ಶೇ. 10ರ ಮಿತಿಯನ್ನು ಬಹಳ ದಾಟಿದೆ ಎಂಬುದು ಅದರ ಸಾರ. ಅವರು ಭಾರತದಲ್ಲಿ ಬೆಳೆದದ್ದನ್ನೆಲ್ಲ ಲೆಕ್ಕಕ್ಕೆ ಹಿಡಿದರು; ಸರ್ಕಾರ ನಿಜವಾಗಿ ಖರೀದಿಸಿದ್ದಷ್ಟೇ ಲೆಕ್ಕ ಎಂಬುದು ಭಾರತದ ನಿಲುವು. ಅದಕ್ಕಿಂತ ದೊಡ್ಡ ಅನ್ಯಾಯ ವಿಶ್ವ ವ್ಯಾಪಾರ ಸಂಸ್ಥೆಯ ಕೃಷಿ ಒಪ್ಪಂದದಲ್ಲೇ ಇದೆ: ಇಂದಿನ ಬೆಂಬಲ ಬೆಲೆಯನ್ನು 1986-88ರ ಅಂತರರಾಷ್ಟ್ರೀಯ ಬೆಲೆಗೆ ಹೋಲಿಸಿ ನಡುವಿನ ವ್ಯತ್ಯಾಸವನ್ನು ಸಹಾಯಧನ ಎನ್ನುತ್ತಾರೆ. ಅಂದಿನ ಡೀಸೆಲ್, ಗೊಬ್ಬರ, ಕೂಲಿ ಎಲ್ಲಿ, ಇಂದಿನದೆಲ್ಲಿ? ಕೇಂದ್ರದ ಖರೀದಿ ಕೌಂಟರಿನ ಮುಂದೆ ಸರದಿ ನಿಲ್ಲುವ ವಾಡಿ, ಶಹಾಬಾದಿನ ಎರಡೆಕರೆ ರೈತನನ್ನು ಈ ಲೆಕ್ಕದಲ್ಲಿ ಹಿಡಿಯುವುದು ಸಲ್ಲದು.

ಭಾರತ-ಕೆನಡಾ ವ್ಯಾಪಾರ ಒಪ್ಪಂದದ ಮಾತುಕತೆ 2010ರಲ್ಲಿ ಶುರುವಾಗಿ 2023ರಲ್ಲಿ ನಿಂತಿತ್ತು. ಮತ್ತೆ ಆರಂಭಿಸಲು 2025ರ ನವೆಂಬರ್‌ನಲ್ಲಿ ಎರಡೂ ದೇಶ ಒಪ್ಪಿದವು. ಬೇಳೆಕಾಳು ಆ ಮೇಜಿಗೆ ಬಾರದೆ ಇರದು. ಆಗ ಕಲಬುರಗಿಯ ಮಾತು ಹೇಳಲು ವಿಷಯ ತಿಳಿದ ನಮ್ಮವರು ಬೇಕು. ನಿನ್ನ ತಂಗಿ ಕಾನೂನು ಓದುತ್ತೇನೆ ಅಂದರೆ ತಡೆಯಬೇಡ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಆದರೆ ಇಲ್ಲಿಯ ನೋಂದಣಿ ತಾನಾಗಿಯೇ ಟೊರಾಂಟೊ ಅಂಗಡಿಯಲ್ಲಿ ಆ ಹೆಸರನ್ನು ಕಾಯುವುದಿಲ್ಲ, ಅಲ್ಲಿಯ ಕಾನೂನಿನಂತೆ ಬೇರೆಯೇ ಅರ್ಜಿ ಹಾಕಬೇಕು. ಅಂಥ ಕೆಲಸಕ್ಕೂ ಓದಿದವರು ಬೇಕು.

ನಿನ್ನ ಪಾಲಿನದು ಇಷ್ಟು. ಆಮದು ವಿನಾಯಿತಿಗಳು ಸಾಮಾನ್ಯವಾಗಿ ಮಾರ್ಚ್ 31ಕ್ಕೆ ಮುಗಿಯುವಂತೆ ಇರುತ್ತವೆ, ಹೀಗಾಗಿ ಜನವರಿಯಿಂದಲೇ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಅಧಿಸೂಚನೆ ನೋಡುತ್ತಿರು. ವಾಟ್ಸಾಪ್ ಸುದ್ದಿ ನಂಬಿ ಚೀಲ ಹಿಡಿದಿಡಬೇಡ. ಸಾಲ ತೀರಿಸುವಷ್ಟನ್ನು ಮೊದಲೇ ಮಾರು. ಬರುವ ಹಂಗಾಮಿನ ಬೆಂಬಲ ಬೆಲೆ ಖರೀದಿಗೆ ಪಹಣಿ, ಆಧಾರ್, ಫ್ರೂಟ್ಸ್ ಐಡಿ ಸರಿಮಾಡಿಕೊಂಡು ಕೊಯ್ಲಿಗೆ ಮುಂಚೆಯೇ ಹೆಸರು ನೋಂದಾಯಿಸು.