ಒಂಬತ್ತನೇ ತರಗತಿಯ ಕೈಗೆ ಯಾವ ಕಾದಂಬರಿ?

ಸಿ.ಬಿ.ಝಡ್. ಓದಿ ಬಿ.ಎಡ್.ಗೆ ಬಂದ ನನಗೆ ಬೋಧನಾಭ್ಯಾಸದ ಶಾಲೆಯಲ್ಲಿ ಜೀವಶಾಸ್ತ್ರದ ಪಾಠಗಳ ಜೊತೆ ಒಂಬತ್ತನೇ ತರಗತಿಯ ಗ್ರಂಥಾಲಯ ಅವಧಿಯನ್ನೂ ವಹಿಸಿದ್ದರು. ಸಾಗರ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆ ಅದು. ಗ್ರಂಥಾಲಯವೆಂದರೆ ಸ್ಟಾಫ್ ರೂಮಿನ ಎರಡು ಬೀರು. ಒಂದರ ತುಂಬ ನೀತಿಕಥೆಗಳು, ಮಹಾಪುರುಷರ ಕಿರುಚರಿತ್ರೆಗಳು. ಅವು ಐದನೇ ತರಗತಿಗೇ ಓದಿ ಮುಗಿದ ಪುಸ್ತಕಗಳು. ಹದಿನಾಲ್ಕು ವರ್ಷದವರಿಗೆ ಏನು ಕೊಡಬೇಕೆಂಬ ಪ್ರಶ್ನೆಗೆ ಎರಡನೇ ಬೀರುವಿನಲ್ಲಿ ಉತ್ತರ ಹುಡುಕಿದೆ.

ಮೊದಲು ತೆಗೆದದ್ದು ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980). ಊರವರ ಕಣ್ಣಿಗೆ ಕೆಲಸಕ್ಕೆ ಬಾರದವನಾಗಿ ಕಾಣುವ ಮಂದಣ್ಣನಲ್ಲಿ ವಿಜ್ಞಾನಿ ಕರ್ವಾಲೊ ಒಬ್ಬ ಹುಟ್ಟು ಜೀವಶಾಸ್ತ್ರಜ್ಞನನ್ನು ಗುರುತಿಸುತ್ತಾರೆ. ಹಿಂದಿನ ಬೆಂಚಿನ ಮಕ್ಕಳಿಗೆ ಇದು ಬೇಗ ತಾಗುತ್ತದೆ. ನನಗೆ ಇನ್ನೊಂದು ಅನುಕೂಲವೂ ಸಿಕ್ಕಿತು. ಕಾದಂಬರಿಯ ಹಾರುವ ಓತಿ ಎಂದೋ ಅಳಿದುಹೋಗಬೇಕಿದ್ದ ಪ್ರಾಚೀನ ಜೀವಿಯಂತೆ ಬರುತ್ತದೆ. ಆದರೆ ಪಶ್ಚಿಮಘಟ್ಟದ ಹಾರುವ ಓತಿ, ಡ್ರಾಕೊ ಡುಸುಮಿಯೇರಿ, ಇಂದಿಗೂ ಅಡಿಕೆ ತೋಟಗಳಲ್ಲಿದೆ. ಅದು ಹಕ್ಕಿಯಂತೆ ಹಾರುವುದಿಲ್ಲ; ಉದ್ದ ಬೆಳೆದ ಪಕ್ಕೆಲುಬುಗಳು ಹಿಡಿದಿಡುವ ಚರ್ಮದ ಪೊರೆಯನ್ನು ಬಿಡಿಸಿ ಮರದಿಂದ ಮರಕ್ಕೆ ತೇಲುತ್ತದೆ. ‘ಕತೆ ಹೇಳುವುದು’, ‘ತೋಟದಲ್ಲಿ ಕಂಡದ್ದು’ ಎಂದು ಕಪ್ಪುಹಲಗೆಯ ಮೇಲೆ ಎರಡು ಕಾಲಂ ಎಳೆದೆ. ಎರಡನೇ ಕಾಲಂ ತುಂಬಿದವರು ಮಕ್ಕಳೇ. ಗಂಡು ಓತಿಯ ಗಂಟಲ ಕೆಳಗಿನ ಹಳದಿ ಚೀಲವನ್ನು ನಾನು ಚಿತ್ರದಲ್ಲಿ ಮಾತ್ರ ನೋಡಿದ್ದೆ, ಅವರಲ್ಲಿ ನಾಲ್ವರು ಮರದ ಮೇಲೇ ನೋಡಿದ್ದರು. ಹೊಂದಾಣಿಕೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪೀಠಿಕೆ ನನಗೆ ಹೊಳೆದಿಲ್ಲ.

ಪುಟ ಎಣಿಸಿ ಪುಸ್ತಕ ವಾಪಸಿಡುವವರಿಗೆ ಅವರದೇ ‘ಜುಗಾರಿ ಕ್ರಾಸ್’ ಸಾಕು. ಏಲಕ್ಕಿ, ಕಳ್ಳಸಾಗಣೆ, ಕಾಡು ಎಲ್ಲ ಇದೆ. ಮೊದಲ ಕೆಲವು ಪುಟ ಗಟ್ಟಿಯಾಗಿ ಓದಿ ನಿಲ್ಲಿಸಿದರೆ ಮುಂದಿನದನ್ನು ಅವರೇ ನೋಡಿಕೊಳ್ಳುತ್ತಾರೆ. ಕಾರಂತರ ‘ಬೆಟ್ಟದ ಜೀವ’ ನಿಧಾನದ ಪುಸ್ತಕ. ಕನ್ನಡ ಶಿಕ್ಷಕರಿಗೆ ಪ್ರಿಯ, ಮಕ್ಕಳಿಗೆ ಜೊತೆಯಲ್ಲಿ ಕೂತು ಓದುವವರು ಬೇಕು. ‘ಮೂಕಜ್ಜಿಯ ಕನಸುಗಳು’ ಪಿ.ಯು.ಸಿ.ಗೆ ಇರಲಿ.

‘ಚೋಮನ ದುಡಿ’ಯ (1933) ವಿಷಯದಲ್ಲಿ ಹೆಚ್ಚು ಯೋಚಿಸಿದೆ. ಸ್ವಂತ ಬೇಸಾಯ ಮಾಡಬೇಕೆಂಬ ಒಬ್ಬ ಮನುಷ್ಯನ ಆಸೆಗೆ ಜಾತಿ ಅಡ್ಡ ನಿಲ್ಲುವ ಕತೆ. ಎಲ್ಲ ಜಾತಿಯ ಮಕ್ಕಳೂ ಒಂದೇ ಬೆಂಚಿನಲ್ಲಿ ಕೂರುವ ತರಗತಿಯಲ್ಲಿ ಅದರೊಳಗಿನ ಜಾತಿಸೂಚಕ ಮಾತು ಮಧ್ಯಾಹ್ನದ ಊಟದ ಸಾಲಿನಲ್ಲಿ ಯಾರದೋ ಅಡ್ಡಹೆಸರಾಗಿಬಿಡಬಹುದು. ಹಾಗೆಂದು ಬೀರುವಿನಲ್ಲಿ ಬೀಗ ಹಾಕಿಡುವುದು ಸರಿಯಲ್ಲ. ಸಮಾಜ ವಿಜ್ಞಾನದಲ್ಲಿ ಸಂವಿಧಾನದ 17ನೇ ವಿಧಿಯ ಪಾಠ ಮುಗಿದ ಮೇಲೆ, ಒಬ್ಬೊಬ್ಬರಿಗೇ ಕೊಟ್ಟು, ಓದಿದವರೊಡನೆ ಕೂತು ಮಾತಾಡಬೇಕು ಎಂಬುದು ನನ್ನ ಅಭಿಪ್ರಾಯ. ನಮ್ಮ ತಂಡದ ಎಲ್ಲರೂ ಇದನ್ನು ಒಪ್ಪಲಿಲ್ಲ.

ಆ ಶಾಲೆಗೆ ನಿಜಕ್ಕೂ ಬೇಕಾಗಿದ್ದ ಪುಸ್ತಕ ನಾ. ಡಿಸೋಜರ ‘ದ್ವೀಪ’. ಡಿಸೋಜರು ಸಾಗರದವರೇ. ಅಣೆಕಟ್ಟಿನ ನೀರು ಏರುತ್ತ ಬಂದು, ಊರು ಬಿಡದ ಗಣಪಯ್ಯ–ನಾಗವೇಣಿಯರ ಮನೆ ದ್ವೀಪವಾಗುತ್ತದೆ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟು ಇಲ್ಲಿನ ಮಕ್ಕಳಿಗೆ ಪಿಕ್‌ನಿಕ್ ಜಾಗ, ಭೂಗೋಳದ ಒಂದು ಅಂಕದ ಪ್ರಶ್ನೆ. ಬೇಸಿಗೆಯಲ್ಲಿ ನೀರು ತೀರ ಇಳಿದಾಗ 1948ರ ಹಳೆಯ ಮಡೆನೂರು ಅಣೆಕಟ್ಟು ತಲೆ ಎತ್ತುವುದನ್ನು ನೋಡಲು ಹೋದವರೂ ಇದ್ದರು. ನೀರಿನಡಿ ಯಾರ ಮನೆಗಳಿದ್ದವು ಎಂದು ಅವರಲ್ಲಿ ಯಾರೂ ಕೇಳಿರಲಿಲ್ಲ.

ಎರಡು ವಾರದ ಮೇಲೆ ಒಬ್ಬ ಹುಡುಗಿ ಬಂದು, “ಟೀಚರ್, ಇದು ಕತೆ ಅಲ್ಲ. ನಮ್ಮಜ್ಜ ಹೇಳೋದೂ ಇದನ್ನೇ” ಎಂದಳು. ಅವಳ ಅಜ್ಜ ಮುಳುಗಡೆಯಿಂದ ಎದ್ದು ಬಂದವರು. ಈಗಿರುವ ಜಾಗಕ್ಕೆ ಇನ್ನೂ ಹಕ್ಕುಪತ್ರ ಇಲ್ಲವಂತೆ. ಮನೆಯಲ್ಲಿ ಅದು ದಿನವೂ ನಡೆಯುವ ಮಾತು. ಪುಸ್ತಕದಲ್ಲಿ ಬರುವಂಥ ಮಾತೆಂದು ಅವಳಿಗೆ ಗೊತ್ತಿರಲಿಲ್ಲ. ದಿನಾ ರಾತ್ರಿ ಅಜ್ಜನಿಗೆ ಓದಿ ಹೇಳುತ್ತಿದ್ದಳು. “ಮಳೆ ಬರೋ ಪುಟ ಬಂದ್ರೆ ಸಾಕು ಅಂತಾರೆ, ಮಾರನೇ ದಿನ ಮತ್ತೆ ಅದನ್ನೇ ಓದು ಅಂತಾರೆ” ಎಂದಳು.

ಗಂಡ ಹೆಂಡತಿಯನ್ನು ಅನುಮಾನಿಸುವ ಭಾಗ ಈ ವಯಸ್ಸಿಗೆ ಬೇಡವೇನೋ ಎಂದು ಹಿರಿಯ ಶಿಕ್ಷಕರೊಬ್ಬರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಆದರೆ ಓದಿದ ಮೂವರು ಹುಡುಗಿಯರೂ ನೀರಿಗಿಂತ ನಾಗವೇಣಿಯ ಬಗ್ಗೆಯೇ ಹೆಚ್ಚು ಮಾತಾಡಿದರು. ಮನೆ ಉಳಿಸಲು ಅವಳು ಪಟ್ಟ ಪಾಡು ಯಾರ ಲೆಕ್ಕಕ್ಕೂ ಬರಲಿಲ್ಲ ಎಂಬುದು ಅವರ ಸಿಟ್ಟು. ಆ ಭಾಗ ಬಿಟ್ಟು ಓದಿಸಿದ್ದರೆ ಈ ಸಿಟ್ಟಿಗೆ ಜಾಗವೇ ಇರುತ್ತಿರಲಿಲ್ಲ.

ಶಾಲೆಯಲ್ಲಿದ್ದದ್ದು ‘ದ್ವೀಪ’ದ ಒಂದೇ ಪ್ರತಿ. ಇನ್ನು ಮೂರು ತರಿಸಲು ಮುಖ್ಯೋಪಾಧ್ಯಾಯರಲ್ಲಿ ಕೇಳಿ ಬಂದಿದ್ದೇನೆ. ಮುಂದಿನ ತಂಡದಲ್ಲಿ ಆ ಶಾಲೆಗೆ ಹೋಗುವವರು ವಿತರಣಾ ವಹಿ ನೋಡಿದರೆ ಅಷ್ಟರಲ್ಲಿ ಒಂಬತ್ತು ಹೆಸರು ಸರದಿಯಲ್ಲಿ ಕಾಣುತ್ತವೆ.