ಹೊಸ ಮಷೀನಿಗೆ ಮುನ್ನ ಹಳೆಯದರ ಶಟಲ್ ನೋಡಿ

ಹುಣಸೂರಿನ ಕಟ್ಟೆಮಳಲವಾಡಿ, ಪಿರಿಯಾಪಟ್ಟಣದ ಕಂಪಲಾಪುರಗಳಲ್ಲಿ ತಂಬಾಕು ಹರಾಜು ಶುರುವಾಯಿತೆಂದರೆ ಈ ಸೀಮೆಯ ಜನರ ಕೈಯಲ್ಲಿ ನಾಲ್ಕು ಕಾಸು ಆಡುತ್ತದೆ. ದುಡ್ಡಿನ ಹಿಂದೆ ಮದುವೆ, ಮದುವೆಯ ಹಿಂದೆ ರವಿಕೆ. ಮನೆಯ ಪಡಸಾಲೆಯಲ್ಲೇ ಮಷೀನು ಹಾಕಿಕೊಂಡು ಹೊಲಿಯುವ ಹೆಣ್ಣುಮಕ್ಕಳಿಗೆ ವರ್ಷದ ಸಂಪಾದನೆಯ ದೊಡ್ಡ ಪಾಲು ಬರುವುದು ಆಗಲೇ. ಬಿಡುವಿಲ್ಲದೆ ತುಳಿಯುವ ಹಳೇ ಮಷೀನು ದಾರ ಕಡಿಯುವುದು, ಹೊಲಿಗೆ ಬಿಡುವುದು, ಭಾರವಾಗುವುದು ಕೂಡ ಆಗಲೇ. ಅಂಗಡಿಯಲ್ಲಿ ಸಿದ್ಧ ಉತ್ತರ ಕಾದಿರುತ್ತದೆ: ‘ಇದಕ್ಕೆ ಎಷ್ಟು ಅಂತ ಸುರೀತೀರಕ್ಕ, ಎಕ್ಸ್‌ಚೇಂಜಿಗೆ ಹಾಕಿಬಿಡಿ, ಕಂತು ಮಾಡಿಕೊಡ್ತೀವಿ.’ ತರಾತುರಿಯಲ್ಲಿರುವವರು ಹೂಂ ಅಂದುಬಿಡುತ್ತಾರೆ. ನನ್ನ ಅಭಿಪ್ರಾಯ ಬೇರೆ. ಕಪ್ಪು ಬಣ್ಣದ, ಎರಕದ ಕಬ್ಬಿಣದ, ನೇರ ಹೊಲಿಗೆಯ ಮಷೀನನ್ನು ಹಳೆಯದಾಯಿತು ಎಂಬ ಒಂದೇ ಕಾರಣಕ್ಕೆ ಬದಲಿಸುವುದು ದುಡ್ಡು ಕಳೆಯುವ ಕೆಲಸ. ರಿಪೇರಿಗೆ ಒಗ್ಗುವ ಮಷೀನು ಮನೆಯಲ್ಲಿರುವಾಗ ಹೊಸದನ್ನು ಕೊಳ್ಳಲು ಸರಿಯಾದ ಕಾರಣ ಒಂದೇ. ನೀವು ಹೊಲಿಯುವ ಕೆಲಸ ಬದಲಾಗಿರಬೇಕು.

ಮಷೀನಿನ ಹೊಟ್ಟೆಯೊಳಗೆ ನೋಡಿದವರಿಗೆ ಇದು ಅರ್ಥವಾಗುತ್ತದೆ. ನಮ್ಮ ಕಡೆಯ ಮನೆಗಳಲ್ಲಿರುವ ಉಷಾ, ಮೆರಿಟ್, ರೀಟಾ ಮತ್ತು ಲೂಧಿಯಾನದಿಂದ ಬಂದ ಬಗೆಬಗೆಯ ಹೆಸರಿನ ಮಷೀನುಗಳಲ್ಲಿ ಬಹುಪಾಲು, ಸಿಂಗರ್ ಕಂಪನಿ 19ನೇ ಶತಮಾನದ ಕೊನೆಯ ಹೊತ್ತಿಗೆ ರೂಪಿಸಿದ ವಿನ್ಯಾಸದ ಸಂತಾನವೇ. ಉಷಾ 1930ರ ದಶಕದಲ್ಲಿ ಕಲ್ಕತ್ತೆಯಲ್ಲಿ ತಯಾರಾಗತೊಡಗಿತು. ಅಂದಿನಿಂದ ಹೊರಗಿನ ಬಳ್ಳಿಚಿತ್ರ, ಅಕ್ಷರ ಬದಲಾಗಿರಬಹುದು, ಒಳಗಿನ ಕೆಲಸ ಅಷ್ಟಾಗಿ ಬದಲಾಗಿಲ್ಲ. ಹಾಗಾಗಿ ಒಂದರ ಬಾಬಿನ್, ಬಾಬಿನ್ ಕೇಸು, ಸೂಜಿ, ಫೂಟು ಇನ್ನೊಂದಕ್ಕೆ ಹೊಂದುವುದೇ ಹೆಚ್ಚು. ಬೇಗ ಸವೆಯುವುದೂ ಇವೇ ಸಣ್ಣ ಸಾಮಾನುಗಳು: ಶಟಲ್‌ನ ಮೊನೆ, ಬಾಬಿನ್ ಕೇಸಿನ ಪಟ್ಟಿ, ಬಟ್ಟೆ ತಳ್ಳುವ ಹಲ್ಲು, ಟೆನ್ಷನ್ ಸ್ಪ್ರಿಂಗು, ಚರ್ಮದ ಬೆಲ್ಟು. ಹೊಲಿಗೆ ಬಿಡುತ್ತಿದೆಯೇ? ಮೊದಲು ಸೂಜಿ ಬದಲಿಸಿ. ಅಷ್ಟಕ್ಕೆ ಸರಿಹೋಗದಿದ್ದರೆ ಶಟಲ್ ಹೊರತೆಗೆದು ಅದರ ಮೊನೆಯನ್ನು ಉಗುರಿನ ಮೇಲೆ ಎಳೆದು ನೋಡಿ. ಮೊಂಡಾಗಿದ್ದರೆ, ತರಿಯಾಗಿದ್ದರೆ ಅಲ್ಲೇ ಕಾಯಿಲೆ. ಬಟ್ಟೆಯ ಕೆಳಗೆ ದಾರ ಗಂಟುಗಂಟಾಗುವುದು ಬಹಳ ಸಲ ಮೇಲಿನ ಟೆನ್ಷನ್ ಬಿಲ್ಲೆಗಳ ನಡುವೆ ಸಿಕ್ಕಿಕೊಂಡ ನೂಲಿನ ಚೂರಿನಿಂದ. ಇನ್ನು ಮಷೀನು ಭಾರವಾಯಿತೆಂಬ ದೂರಿನ ಹಿಂದೆ, ಎಷ್ಟೋ ಕಡೆ, ಅಡುಗೆಮನೆಯ ಕೊಬ್ಬರಿ ಎಣ್ಣೆ ಇರುತ್ತದೆ. ಮಷೀನ್ ಎಣ್ಣೆ ಮುಗಿದ ದಿನ ಕೈಗೆ ಸಿಕ್ಕ ಎಣ್ಣೆ ಬಿಟ್ಟರೆ ಅದು ನಾಲ್ಕು ತಿಂಗಳಲ್ಲಿ ಅಂಟಾಗಿ, ಹತ್ತಿಯ ಧೂಳು ಹಿಡಿದು, ಕಪ್ಪು ಮೇಣವಾಗಿ ಕೂರುತ್ತದೆ. ಸೀಮೆಎಣ್ಣೆ ಬಿಟ್ಟು ಖಾಲಿ ತುಳಿದು, ಒರೆಸಿ, ಸರಿಯಾದ ಎಣ್ಣೆ ಹಾಕಿದರೆ ಹೋಗುವ ರೋಗ ಅದು. ಇದಕ್ಕೆ ಹೊಸ ಮಷೀನು ಕೊಂಡವರ ಮನೆಯಲ್ಲಿ ಹೊಸದಕ್ಕೂ ಅದೇ ಕೊಬ್ಬರಿ ಎಣ್ಣೆ ಬೀಳುತ್ತದೆ ಎನ್ನುವುದು ಬೇರೆ ಮಾತು.

ಹಣಕಾಸಿನ ಪುಸ್ತಕಗಳಲ್ಲಿ ಒಂದು ಸೂತ್ರವಿದೆ: ರಿಪೇರಿಯ ಖರ್ಚು ಹೊಸದರ ಬೆಲೆಯ ಅರ್ಧ ದಾಟಿದರೆ ಬದಲಿಸಿ. ಈ ಸೂತ್ರ ಫ್ರಿಜ್ಜಿಗೆ ಸರಿ, ಹೊಲಿಗೆ ಮಷೀನಿಗೆ ಸಲ್ಲ. ಫ್ರಿಜ್ಜು ಖರ್ಚಿನ ಬಾಬ್ತು, ಮಷೀನು ದುಡಿಯುವ ಬಾಬ್ತು. ಅದನ್ನು ಅಳೆಯಬೇಕಾದ್ದು ಬೆಲೆಯಿಂದಲ್ಲ, ದುಡಿಮೆಯಿಂದ. ಲೆಕ್ಕಕ್ಕೆ ಹೀಗಿಟ್ಟುಕೊಳ್ಳೋಣ. ದಾರ, ಹುಕ್ಕು, ಲೈನಿಂಗ್ ಕಳೆದು ಒಂದು ರವಿಕೆಗೆ 150 ರೂಪಾಯಿ ಉಳಿಯುತ್ತದೆ. 25,000 ರೂಪಾಯಿಯ ಹೊಸ ಮಷೀನನ್ನು ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಯಲ್ಲಿ, ಎರಡು ವರ್ಷದ ಸಾಲದಲ್ಲಿ ಕೊಂಡರೆ ತಿಂಗಳಿಗೆ ಸುಮಾರು 1,320 ರೂಪಾಯಿ ಕಂತು. ಅಂದರೆ ಪ್ರತಿ ತಿಂಗಳೂ ಒಂಬತ್ತು ರವಿಕೆ ಕಂತಿಗೇ ಹೋಯಿತು. ಸಾಲ ತೀರುವಷ್ಟರಲ್ಲಿ ಬಡ್ಡಿಯೇ 6,700 ರೂಪಾಯಿಯಾಗುತ್ತದೆ. ಗಮನಿಸಬೇಕಾದ್ದು ಇಷ್ಟು: ಈ ಒಂಬತ್ತು ರವಿಕೆ ನೀವು ಈಗಾಗಲೇ ಹೊಲಿಯುತ್ತಿರುವ ರವಿಕೆಗಳಾದರೆ ಹೊಸ ಮಷೀನು ನಿಮಗೆ ಏನನ್ನೂ ತರಲಿಲ್ಲ, ನಿಮ್ಮಿಂದ ಕಿತ್ತುಕೊಂಡಿತು. ಅವು ಹೊಸ ಮಷೀನು ಬಂದಿದ್ದರಿಂದಲೇ ಹೆಚ್ಚಾಗಿ ಸಿಕ್ಕ ರವಿಕೆಗಳಾಗಿರಬೇಕು. ಆ ಒಂಬತ್ತು ಎಲ್ಲಿಂದ, ಯಾರ ಮನೆಯಿಂದ ಬರುತ್ತವೆ ಎಂದು ಹೇಳಲಾಗದಿದ್ದರೆ ಸಾಲದ ಅರ್ಜಿಗೆ ಸಹಿ ಹಾಕಬೇಡಿ. ಆಷಾಢದಲ್ಲಿ ಗಿರಾಕಿ ಬರುವುದಿಲ್ಲ, ಕಂತಿನವರು ಬರುತ್ತಾರೆ. ಸಣ್ಣ ಸಾಲದ ವಸೂಲಿಯ ಕಿರುಕುಳ ತಡೆಯಲು 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಗಿ ಬಂತು ಎಂಬುದು ನೆನಪಿರಲಿ.

ಹಳೆಯದನ್ನೇ ಉಳಿಸಿಕೊಳ್ಳಿ ಎಂಬ ನನ್ನ ಮಾತಿಗೆ ಆಕ್ಷೇಪಗಳಿವೆ, ಕೆಲವು ಗಟ್ಟಿಯಾಗಿಯೇ ಇವೆ. ವೇಗದ ಮಾತು ಮೊದಲನೆಯದು. ಗಾರ್ಮೆಂಟ್ಸಿನಲ್ಲಿ ಬಳಸುವ ಜೂಕಿ, ಜ್ಯಾಕ್‌ನಂಥ ಪವರ್ ಮಷೀನು ನಿಮಿಷಕ್ಕೆ 4,000ದಿಂದ 5,000 ಹೊಲಿಗೆ ಹಾಕಬಲ್ಲದು, ಕಾಲಿನಲ್ಲಿ ತುಳಿಯುವ ಮಷೀನು ಅದರ ಹತ್ತಿರಕ್ಕೂ ಸುಳಿಯದು. ನಿಜ. ಆದರೆ ಒಂದು ರವಿಕೆಗೆ ಹಿಡಿಯುವ ಹೊತ್ತನ್ನು ಬಿಡಿಸಿ ನೋಡಿ. ಅಳತೆ, ಕಟಿಂಗು, ಹುಕ್ಕು, ಕೈಹೊಲಿಗೆ, ಇಸ್ತ್ರಿಯಲ್ಲೇ ಎಷ್ಟೋ ಹೊತ್ತು ಕಳೆಯುತ್ತದೆ. ಮಷೀನಿನ ಮೇಲಿನ ಹೊಲಿಗೆಗಳೋ ಗೇಣುದ್ದದವು, ಕಂಕುಳು ಕತ್ತುಗಳ ತಿರುವಿನವು. ನಾಲ್ಕು ಸಾವಿರದ ವೇಗ ಅಲ್ಲಿ ಎದ್ದೇಳುವ ಮುನ್ನವೇ ಬಟ್ಟೆ ತಿರುಗಿಸಬೇಕು. ಶಾಲೆಯ ಯೂನಿಫಾರ್ಮು, ನೈಟಿ, ಪೆಟಿಕೋಟು, ಚೀಲಗಳಂಥ ಒಂದೇ ಅಳತೆಯ ರಾಶಿ ಕೆಲಸ ಹಿಡಿದವರಿಗೆ ಆ ವೇಗ ದುಡ್ಡಾಗುತ್ತದೆ, ಅಂಥವರು ಕೊಳ್ಳಲಿ. ಅವರ ಕೆಲಸ ಬದಲಾಗಿದೆ. ಸೀರೆಗೆ ಫಾಲ್ ಹಾಕಿ ಜಿಗ್‌ಜಾಗ್ ಮಾಡಿಕೊಡುವವರದ್ದೂ ಹಾಗೆಯೇ. ಕಪ್ಪು ಮಷೀನು ನೇರ ಹೊಲಿಗೆ ಬಿಟ್ಟು ಬೇರೆಯದನ್ನು ಅರಿಯದು, ಆ ಕೆಲಸ ದಿನವೂ ಬರುತ್ತಿದ್ದರೆ ಅದಕ್ಕೆಂದೇ ಇನ್ನೊಂದು ಮಷೀನು ಬೇಕು. ಇನ್ನೊಂದು ಎಂದೆ, ಬದಲಿಗೆ ಎನ್ನಲಿಲ್ಲ. ಹಳೆಯದನ್ನು ಎಕ್ಸ್‌ಚೇಂಜಿಗೆ ಕೊಟ್ಟರೆ ಸಿಗುವ ರಿಯಾಯಿತಿ ಗುಜರಿಯ ತೂಕದ ದರಕ್ಕಿಂತ ಬಹಳ ಮೇಲೇನೂ ಇರುವುದಿಲ್ಲ. ಹೊಸದು ಮದುವೆ ಸೀಸನ್ನಿನಲ್ಲಿ ಕೆಟ್ಟು ನಿಂತರೆ ಮಾನ ಉಳಿಸುವುದು ಹಳೆಯದೇ.

ತೆರಿಗೆ ಇಳಿಯಿತು, ಈಗ ಕೊಳ್ಳುವುದೇ ಜಾಣತನ ಎನ್ನುವವರೂ ಇದ್ದಾರೆ. 2025ರ ಸೆಪ್ಟೆಂಬರ್ 22ರಿಂದ ಹೊಲಿಗೆ ಯಂತ್ರದ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಅಂಗಡಿಯವರು ಪೂರ್ತಿ ಬಿಟ್ಟುಕೊಟ್ಟರೂ ಒಟ್ಟು ಬೆಲೆಯಲ್ಲಿ ನೂರಕ್ಕೆ ಆರರಷ್ಟು ಇಳಿಕೆ. ಬೇಕಾದ ಮಷೀನಿಗೆ ಅದು ಸಂತೋಷದ ಸುದ್ದಿ, ಬೇಡದ್ದಕ್ಕೆ ಕಾರಣವಾಗಲಾರದು. ಸರ್ಕಾರವೇ ಕೊಡುತ್ತದಲ್ಲ ಎಂಬ ಮಾತಿಗೆ ಹೆಚ್ಚು ತೂಕವಿದೆ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿಗಳದ್ದೂ ಒಂದು. ಉಪಕರಣಕ್ಕೆ 15,000 ರೂಪಾಯಿವರೆಗೆ ನೆರವು, ತರಬೇತಿಯಲ್ಲಿ ದಿನಕ್ಕೆ 500 ರೂಪಾಯಿ ಭತ್ಯೆ, ಮೊದಲ ಹಂತದಲ್ಲಿ ಶೇ 5ರ ಬಡ್ಡಿಗೆ 1 ಲಕ್ಷದವರೆಗೆ ಸಾಲ. ಮೇಲೆ ಹೇಳಿದ 25,000 ರೂಪಾಯಿಯನ್ನೇ ಈ ಬಡ್ಡಿಯಲ್ಲಿ 18 ತಿಂಗಳಿಗೆ ಪಡೆದರೆ ಬಡ್ಡಿ ಸಾವಿರ ರೂಪಾಯಿಯ ಆಸುಪಾಸು. 6,700 ಎಲ್ಲಿ, ಸಾವಿರ ಎಲ್ಲಿ! ಅರ್ಹತೆಯಿದ್ದವರು ಅರ್ಜಿ ಹಾಕಲೇಬೇಕು. ಮನೆಗೆ ಒಬ್ಬರಿಗೆ ಮಾತ್ರ ಎಂಬ ನಿಯಮ ತಿಳಿದಿರಲಿ, ‘ನಾನು ಮಾಡಿಸಿಕೊಡ್ತೀನಿ’ ಎಂದು ಕಾಸು ಕೇಳುವವರಿಗೆ ಬಾಗಿಲು ತೋರಿಸಿ. ಆದರೆ ಅರ್ಜಿ ಪಂಚಾಯಿತಿಯಿಂದ ಹೊರಟು ಮಷೀನಾಗಿ ಮನೆಗೆ ಬರುವವರೆಗೆ ಹಳೆಯದನ್ನು ಕೆಟ್ಟಂತೆಯೇ ಮೂಲೆಗೆ ಸೇರಿಸುವುದು ಯಾವ ಲೆಕ್ಕ? ಕಾಯುವ ತಿಂಗಳುಗಳಲ್ಲಿ ತಪ್ಪುವ ಹೊಲಿಗೆಯ ಕೂಲಿ ರಿಪೇರಿಯ ಖರ್ಚನ್ನು ಯಾವಾಗಲೋ ನುಂಗಿಬಿಡುತ್ತದೆ.

ಎಚ್.ಡಿ. ಕೋಟೆಯ ಕಾಡಂಚಿನ ಹಳ್ಳಿ, ಹಾಡಿಗಳವರು ಹೇಳುವ ಕಷ್ಟ ನನಗೆ ಎಲ್ಲಕ್ಕಿಂತ ನ್ಯಾಯವಾಗಿ ಕಾಣುತ್ತದೆ: ಹತ್ತಿರದಲ್ಲಿ ಮೆಕ್ಯಾನಿಕ್ ಇಲ್ಲ. ಪೇಟೆಗೋ ಮೈಸೂರಿಗೋ ಹೋಗಿಬರಲು ಒಂದು ದಿನದ ದುಡಿಮೆ ಹೋಗುತ್ತದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ ಚಾರ್ಜು ಇಲ್ಲ, ದಿನ ಮಾತ್ರ ವಾಪಸ್ ಬಾರದು. ಆ ದಿನದ ಕೂಲಿಯನ್ನೂ ರಿಪೇರಿಯ ಖರ್ಚಿಗೇ ಸೇರಿಸಿ, ಆಗಲೂ ಹೊಸದರ ಸಾಲಕ್ಕಿಂತ ಕಡಿಮೆಯೇ ಬರುತ್ತದೆ. ಇಡೀ ಮಷೀನು ಹೊರಬೇಕಿಲ್ಲ. ತಲೆಯನ್ನು ಹಿಂದಕ್ಕೆ ಬಗ್ಗಿಸಿದರೆ ಹಲಗೆಗೆ ಕೂರಿಸಿದ ಎರಡು ಹಿಂಜುಗಳ ತಿರುಪು ಕಾಣುತ್ತವೆ, ಬೆಲ್ಟು ಕಳಚಿ ಅವನ್ನು ಸಡಿಲಿಸಿದರೆ ತಲೆ ಬಿಡಿಯಾಗಿ ಬರುತ್ತದೆ. ಅಕ್ಕಪಕ್ಕದ ನಾಲ್ಕು ಮನೆಯವರು ಅಥವಾ ಸ್ವಸಹಾಯ ಸಂಘದವರು ಸೇರಿ ಒಂದು ದಿನಕ್ಕೆ ಮೆಕ್ಯಾನಿಕ್‌ನನ್ನು ಊರಿಗೇ ಕರೆಸಿದರೆ ಇನ್ನೂ ಅಗ್ಗ. ಮಂಡಿನೋವಿನಿಂದ ತುಳಿಯಲಾಗುತ್ತಿಲ್ಲ ಎನ್ನುವವರಿಗೆ ಅದೇ ಮಷೀನಿನ ಪಕ್ಕಕ್ಕೆ ಸಣ್ಣ ಮೋಟಾರು ಕೂರಿಸಬಹುದು. ನೋವು ಕಾಲಿನದು, ಮಷೀನು ಯಾಕೆ ಬದಲಾಗಬೇಕು?

ಹಾಗೆಂದು ಎಲ್ಲ ಹಳತೂ ಚಿನ್ನವಲ್ಲ. ಸೂಜಿ ಹಿಡಿದಿರುವ ಕಂಬಿಯನ್ನು ಬೆರಳಲ್ಲಿ ಹಿಡಿದು ಅಕ್ಕಪಕ್ಕಕ್ಕೆ ಅಲುಗಿಸಿ, ಕೈಚಕ್ರವನ್ನು ಒಳಕ್ಕೂ ಹೊರಕ್ಕೂ ಎಳೆದು ನೋಡಿ. ಎರಡೂ ಕಡೆ ಆಟ ಎದ್ದು ಕಂಡರೆ, ಬುಷ್ ಹಾಕಿಸಿದರೂ ನಿಲ್ಲದಿದ್ದರೆ, ಅಥವಾ ಎರಕದ ಮೈಯೇ ಬಿರುಕು ಬಿಟ್ಟಿದ್ದರೆ ಆ ತಲೆಯ ಆಯುಷ್ಯ ಮುಗಿಯಿತು. ಆಗಲೂ ತಲೆಯೊಂದನ್ನೇ ಕೊಂಡು ಹಳೆಯ ಸ್ಟ್ಯಾಂಡು, ಹಲಗೆ ಉಳಿಸಿಕೊಳ್ಳಬಹುದು. ಇದನ್ನು ಅಂಗಡಿಯವರು ತಾವಾಗಿ ಹೇಳುವುದು ಅಪರೂಪ, ನೀವೇ ಕೇಳಬೇಕು. ಪ್ಲಾಸ್ಟಿಕ್ ಮೈಯ ಕರೆಂಟ್ ಮಷೀನುಗಳ ಲೆಕ್ಕ ಮಾತ್ರ ಬೇರೆ. ಒಳಗಿನ ಗಿಯರ್ ಮುರಿದರೆ, ಎಲೆಕ್ಟ್ರಾನಿಕ್ ಬೋರ್ಡ್ ಸುಟ್ಟರೆ ಆ ಕಂಪನಿಯ ಪಾರ್ಟ್ಸೇ ಬೇಕು. ವಾರಂಟಿ ಮುಗಿದು ಪಾರ್ಟ್ಸೂ ಸಿಗದಿದ್ದರೆ ಅದಕ್ಕೆ ಎರಡನೇ ಸಲ ದುಡ್ಡು ಸುರಿಯಬೇಡಿ.

ಕೊನೆಯದಾಗಿ ಕಾಲದ ಮಾತು. ಮೇ ತಿಂಗಳು ಯೂನಿಫಾರ್ಮಿನದು, ಶ್ರಾವಣ ವರಮಹಾಲಕ್ಷ್ಮಿಯದು, ಗೌರಿ ಹಬ್ಬ ಕಳೆದು ಬರುವುದು ಹರಾಜು ಮತ್ತು ದಸರೆ, ಕೆ.ಆರ್. ನಗರದ ಕಡೆ ಭತ್ತದ ಕೊಯ್ಲಾದ ಮೇಲೆ ಸಂಕ್ರಾಂತಿ, ಚುಂಚನಕಟ್ಟೆ ಜಾತ್ರೆ. ನಡುವೆ ಕೈ ಖಾಲಿಯಿರುವುದು ಆಷಾಢದಲ್ಲಿ. ಮಷೀನು ಕೆಡಲಿ ಎಂದು ಕಾಯದೆ ಆ ತಿಂಗಳೇ ತಲೆ ಬಿಚ್ಚಿ ಸರ್ವಿಸ್ ಮಾಡಿಸಿ, ಒಂದು ಶಟಲ್, ಒಂದು ಬಾಬಿನ್ ಕೇಸು, ಒಂದು ಬೆಲ್ಟು, ಒಂದು ಬಾಟಲಿ ಮಷೀನ್ ಎಣ್ಣೆ ತಂದು ಡ್ರಾಯರಿನಲ್ಲಿಟ್ಟುಕೊಳ್ಳಿ. ಮೆಕ್ಯಾನಿಕ್‌ಗೂ ಆಗ ಗಿರಾಕಿ ಕಡಿಮೆ, ಎರಡು ಮಾತು ಚೌಕಾಸಿಗೆ ಸಿಗುತ್ತಾನೆ.